ವಲ್ಲಿಯ ಕೆಳಗಿನ ನಾಲ್ಕು ಬೆರಳು

ತಿರ್ಲಾಪುರದ ಮುದಕಪ್ಪನನ್ನು ಸಂತೆಯ ಗೂಟಕ್ಕೆ ಕಟ್ಟಿ ಬೆಲೆ ಕೇಳಿದರೆ ಹೇಳುವುದು ಕಷ್ಟವಲ್ಲ. ವಯಸ್ಸು ಐವತ್ತಾರು. ಹಲ್ಲು ನೋಡಿ ಹೇಳುವುದಾದರೆ ನಾಲ್ಕು ವರ್ಷ ಹೆಚ್ಚೇ ಹೇಳಬೇಕಾದೀತು, ಯಾಕೆಂದರೆ ಮುಂದಿನ ಎರಡು ಹಲ್ಲು ತಂಬಾಕಿಗೆ ಹೋಗಿವೆ. ಕಾಲು ಗಟ್ಟಿ, ಬೆನ್ನು ನೆಟ್ಟಗೆ. ನೆತ್ತಿಯ ಮೇಲೆ ಒಂದೇ ಸುಳಿ, ಅದೂ ಇರಬೇಕಾದ ಜಾಗದಲ್ಲಿ. ಹಾಯುವುದಿಲ್ಲ, ಒದೆಯುವುದಿಲ್ಲ. ಮೇವು ಕಡಿಮೆ, ಚಹಾ ಮಾತ್ರ ದಿನಕ್ಕೆ ಎಂಟು ಕಪ್ಪು ಬೇಕು. ಬಾಯಿ ಜೋರು, ಆದರೆ ಆ ಬಾಯಿಗೇ ದುಡ್ಡು ಕೊಡುವವರು ಇರುವುದರಿಂದ ಅದನ್ನು ದೋಷವೆನ್ನುವಂತಿಲ್ಲ. ದೋಷ ಇರುವುದು ಬಲಗೈಯಲ್ಲಿ. ಉಂಗುರದ ಬೆರಳು ಮುಕ್ಕಾಲು ಮಡಚುತ್ತದೆ, ಕಿರುಬೆರಳು ಅರ್ಧಕ್ಕೆ ನಿಂತು ಅತ್ತಲೂ ಹೋಗದು, ಇತ್ತಲೂ ಬಾರದು. ಬೇರೆ ಮನುಷ್ಯನಾಗಿದ್ದರೆ ಇಷ್ಟಕ್ಕೆ ನೂರು ರೂಪಾಯಿ ಮುರಿದುಕೊಂಡು ವ್ಯವಹಾರ ಮುಗಿಸಬಹುದಿತ್ತು. ಮುದಕಪ್ಪನ ಮಾತು ಹಾಗಲ್ಲ. ಅವನು ದನದ ದಲ್ಲಾಳಿ.

ಅಣ್ಣಿಗೇರಿಯ ದನದ ಸಂತೆಯಲ್ಲಿ ಬಾಯಿ ಇರುವುದು ಎತ್ತನ್ನು ಹೊಗಳುವುದಕ್ಕೆ. ಬೆಲೆ ಹೇಳುವುದು ಕೈ. ದಲ್ಲಾಳಿ ಹೆಗಲ ಮೇಲಿನ ವಸ್ತ್ರವಾದ ವಲ್ಲಿಯನ್ನು ಇಳಿಸಿ ತನ್ನ ಬಲಗೈ ಮತ್ತು ಗಿರಾಕಿಯ ಬಲಗೈ ಎರಡರ ಮೇಲೂ ಮುಚ್ಚುತ್ತಾನೆ. ಒಳಗೆ ಗಿರಾಕಿಯ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಪಂಜ ಹಿಡಿದರೆ ಐದು. ಎತ್ತಿನ ಜೋಡಿಯಾದರೆ ಮೊದಲ ಹಿಡಿತ ಲಕ್ಷಕ್ಕೆ, ಎರಡನೆಯದು ಹತ್ತು ಸಾವಿರಕ್ಕೆ. ಸುತ್ತ ಐವತ್ತು ಜನ ಕತ್ತು ಚಾಚಿ ನಿಂತಿದ್ದರೂ ಬೆಲೆ ಗೊತ್ತಾಗುವುದು ಆ ಇಬ್ಬರಿಗೆ. ಮಾರುವವನಿಂದ ಕೊಳ್ಳುವವನಿಗೆ ಬೆಲೆ ದಾಟುವುದೂ, ಕೊಳ್ಳುವವನಿಂದ ಮಾರುವವನಿಗೆ ರೊಕ್ಕ ದಾಟುವುದೂ ದಲ್ಲಾಳಿಯ ಕೈಯಲ್ಲಿ. ಎಡಗೈ ವಲ್ಲಿಯ ಕೆಳಗೆ ಹೋಗುವಂತಿಲ್ಲ. ವಲ್ಲಿಯ ಕೆಳಗೆ ಕೈ ಇರುವಾಗ 'ಆತು' ಎಂದರೆ ಅದು ಆದಂತೆಯೇ. ಹಿಡಿತದಲ್ಲಿ ಹೆಚ್ಚುಕಡಿಮೆಯಾಗಿದ್ದರೆ ದಲ್ಲಾಳಿ ತನ್ನ ಕಿಸೆಯಿಂದ ತುಂಬಬೇಕು. ತುಂಬಿದರೂ ಮುಗಿಯುವುದಿಲ್ಲ. ತಪ್ಪು ಹಿಡಿಯುವ ಕೈ ಎಂದು ಒಮ್ಮೆ ಹೆಸರು ಬಿತ್ತೆಂದರೆ ಆ ಕೈಗೆ ಮತ್ತೆ ಯಾರೂ ಬೆರಳು ಕೊಡುವುದಿಲ್ಲ.

ಮುದಕಪ್ಪನ ಕೈಗೆ ಮೂವತ್ತು ವರ್ಷ ಅಂಥ ಹೆಸರು ಬಂದಿರಲಿಲ್ಲ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಹತ್ತು ಕುರಿಯ ಹಿಂದೆ ತಿರುಗುವುದಕ್ಕಿಂತ ಒಂದು ಸಂತೆಯಲ್ಲಿ ನಿಲ್ಲುವುದು ಮೇಲೆಂದು ಬಂದವನು. ಜೋಡಿಗೆ ಎರಡೂ ಕಡೆಯಿಂದ ಐನೂರು ಐನೂರು. ವರ್ಷದ ದುಡಿಮೆಯಲ್ಲಿ ಅರ್ಧ ಯುಗಾದಿಯಿಂದ ಮೃಗಶಿರಾ ಮಳೆಯವರೆಗಿನ ಸಂತೆಗಳಲ್ಲೇ ಬರಬೇಕು, ಬಿತ್ತನೆಗೆ ಮುಂಚೆ ಎತ್ತು ಬೇಕಾದವರು ಬರುವುದು ಆಗಲೇ.

ಕೈ ಹೋದದ್ದು ಹೋಳಿ ಹುಣ್ಣಿಮೆ ಮುಗಿದ ವಾರ, ಯುಗಾದಿಗೆ ಸ್ವಲ್ಪ ಮುಂಚೆ. ಟೆಂಪೊದಿಂದ ಹೋರಿಯೊಂದನ್ನು ಇಳಿಸುತ್ತಿದ್ದರು. ಮುದಕಪ್ಪ ಹಗ್ಗವನ್ನು ಬಲ ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ನಿಂತಿದ್ದ. ಹಗ್ಗ ಕೈಗೆ ಸುತ್ತಬೇಡಿರೆಂದು ಸಂತೆಗೆ ಬಂದ ಹೊಸಬರಿಗೆಲ್ಲ ಹೇಳುತ್ತಾ ಬಂದವನು ಅವನೇ. ಹೋರಿ ಬೆದರಿ ಜಿಗಿಯಿತು. ಹಗ್ಗ ಅವನ ಕೈಯನ್ನು ಟೆಂಪೊದ ಹಿಂಬಾಗಿಲಿನ ತಗಡಿಗೆ ಎಳೆದು ಕೊಯ್ಯಿತು. ಕೊನೆಯ ಎರಡು ಬೆರಳನ್ನು ಮಡಚುವ ನರಗಳು ತುಂಡಾದವು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೊಲಿದರು. ಎಚ್ಚರವಾದಾಗ ಅವನು ಗೆಳೆಯ ಬಾಷಾಸಾಬನನ್ನು ಕೇಳಿದ ಮೊದಲ ಮಾತು, "ಹೋರಿ ಎಷ್ಟಕ್ಕ ಹೋತೋ?"

ಬಾಷಾಸಾಬನೂ ದಲ್ಲಾಳಿ. "ನಿನ್ನ ಕೈಗಿಂತ ಸೋವಿಗೆ ಹೋತು, ಮಲಕೋ," ಎಂದ.

ಆಪರೇಷನ್ನಿಗೆ ಎಷ್ಟು ಬಿತ್ತು ಎಂದು ಊರೆಲ್ಲ ಕೇಳಿತು. ಅದಕ್ಕೆ ಉತ್ತರ ಸುಲಭವಿತ್ತು: ಸರ್ಕಾರಿ ಕಾರ್ಡಿನ ಮೇಲೆ ಆಯಿತು. ಆಮೇಲಿನ ಖರ್ಚನ್ನು ಊರೂ ಕೇಳಲಿಲ್ಲ, ಕಾರ್ಡೂ ಕೇಳಲಿಲ್ಲ.

ಕೈಗೆ ಹಾಕಿದ ಪ್ಲಾಸ್ಟಿಕ್ ಪಟ್ಟಿಗೆ ಸಾವಿರದ ಎಂಟುನೂರು. ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಹೋಗಿ ಬೆರಳಿಗೆ ವ್ಯಾಯಾಮ ಮಾಡಿಸಿಕೊಳ್ಳಬೇಕು, ಸಲಕ್ಕೆ ಮುನ್ನೂರು. ವ್ಯಾಯಾಮದ ಡಾಕ್ಟರು ಐಶ್ವರ್ಯ ಎಂಬ ಹುಡುಗಿ, ಕುಂದಗೋಳದ ಕಡೆಯವಳು. ಅವಳು ಮೊದಲ ದಿನವೇ ಬಿಡಿಸಿ ಹೇಳಿದಳು.

"ಕಾಕಾ, ಹೊಲಿದ ನರ ಬರೇ ದಾರದ ಮ್ಯಾಲ ನಿಂತೈತಿ. ಹನ್ನೆರಡ ವಾರ ಏನನ್ನೂ ಬಿಗಿ ಹಿಡೀಬಾರದು, ಕಿತ್ತು ಬರ್ತೈತಿ. ಹಂಗಂತ ಅಲ್ಲಾಡಸದ ಇಟ್ರ ಅಲ್ಲೇ ಅಂಟಿ ಕಟಗಿ ಆಗ್ತೈತಿ. ನಾ ಹೇಳಿದಷ್ಟ ಮಡಚಬೇಕು, ನಾ ಹೇಳಿದಷ್ಟ ಬಿಡಬೇಕು."

"ಅಂದ್ರ ನಮ್ಮ ಸಂತ್ಯಾಗಿನ ಕೆಲವು ಗಿರಾಕಿಗೋಳ ಗತೆ ಅನ್ನವಾ. ತಗೊಳ್ಳೂದೂ ಇಲ್ಲ, ಬಿಟ್ಟು ಹೋಗೂದೂ ಇಲ್ಲ."

"ಹಂಗ ತಿಳ್ಕೋರಿ."

"ಹನ್ನೆರಡ ವಾರ ಅಂದ್ರ ಹನ್ನೆರಡ ಸಂತಿ. ಅಷ್ಟೊತ್ತಿಗೆ ಮಿರಗದ ಮಳಿ ಬಂದ ಬಿಡ್ತೈತಲ್ಲವಾ."

"ಮಳಿ ಬರಲಿ ಕಾಕಾ, ಬ್ಯಾಡ ಅಂದವರ್ಯಾರು?" ಎಂದು ಐಶ್ವರ್ಯ ಮುಂದಿನವರನ್ನು ಕರೆದಳು. ಮೃಗಶಿರಾ ಬಂದರೆ ಎತ್ತಿನ ಬೆಲೆ ಬಿದ್ದು ಸಂತೆ ಖಾಲಿಯಾಗುತ್ತದೆ ಎಂಬುದನ್ನು ಅವಳ ಕಾಲೇಜಿನಲ್ಲಿ ಕಲಿಸಿರಲಿಲ್ಲ.

ಒಂಟಿಗೈಯವನು ಬಸ್ಸಿನಲ್ಲಿ ಕಂಬಿ ಹಿಡಿದರೆ ಟಿಕೆಟ್ಟಿಗೆ ರೊಕ್ಕ ತೆಗೆಯಲಾರ. ರೊಕ್ಕ ತೆಗೆದರೆ ಕಂಬಿ ಹಿಡಿಯಲಾರ. ಹಾಗಾಗಿ ಹೆಂಡತಿ ಕೆಂಚವ್ವ ಜೊತೆಗೆ ಬರಬೇಕು. ಅವಳಿಗೆ ಟಿಕೆಟ್ಟಿಲ್ಲ, ಹೆಂಗಸರಿಗೆ ಬಸ್ಸು ಪುಕ್ಕಟೆ. ಅವನಿಗೆ ಹೋಗಿಬರಲು ನೂರಾ ನಲವತ್ತು.

"ಕೈ ನಂದು ಕೆಡಬೇಕಿತ್ತ ನೋಡ್ರಿ," ಎನ್ನುತ್ತಿದ್ದಳು ಕೆಂಚವ್ವ, "ವಾರಕ್ಕ ಇನ್ನೂರಾ ಎಂಬತ್ತು ಉಳೀತಿತ್ತು."

ಪುಕ್ಕಟೆಯೆಂದು ಅವಳು ಹೇಳಿದರೂ ಅವಳ ಪ್ರಯಾಣ ಪುಕ್ಕಟೆಯಾಗಿರಲಿಲ್ಲ. ಮನೆಯಲ್ಲಿ ಎರಡು ಎಮ್ಮೆ. ಮೊದಲು ಗಂಡ ಒಂದು ಹಿಂಡಿದರೆ ಹೆಂಡತಿ ಒಂದು ಹಿಂಡುತ್ತಿದ್ದಳು. ಈಗ ಎರಡೂ ಅವಳ ಪಾಲಿಗೆ. ಹುಬ್ಬಳ್ಳಿಯ ದಿನ ಸಂಜೆ ಬಸ್ಸು ತಡವಾದರೆ ಡೇರಿಯ ಬಾಗಿಲು ಹಾಕಿರುತ್ತಿತ್ತು. ಆ ಹೊತ್ತಿನ ಹಾಲನ್ನು ಹೆಪ್ಪು ಹಾಕಿ ಮಜ್ಜಿಗೆ ಮಾಡಿ ಓಣಿಗೆಲ್ಲ ಹಂಚಿ ಒಳ್ಳೆಯವರೆನಿಸಿಕೊಳ್ಳಬೇಕು. ಒಂದು ಕೈಯಲ್ಲಿ ಧೋತರ ಉಡಲು ಬಾರದೆ ಮುದಕಪ್ಪ ಎಲಾಸ್ಟಿಕ್ಕಿನ ಪ್ಯಾಂಟು ಎರಡು ಕೊಂಡ. ನೀಲಿ ಬಣ್ಣದ್ದು, ಬದಿಗೆ ಬಿಳಿ ಪಟ್ಟೆ. ಅದನ್ನು ತೊಟ್ಟು ಮೊದಲ ದಿನ ಬಸ್‌ಸ್ಟ್ಯಾಂಡಿಗೆ ಬಂದಾಗ ಚಹಾ ಅಂಗಡಿಯಲ್ಲಿ ಯಾರೋ ಕೇಳಿದರು, "ಮುದಕಪ್ಪಣ್ಣ, ಯಾವ ಟೀಮಿಗೆ ಸೆಲೆಕ್ಟ್ ಆದಿ?"

ಇನ್ನು ಹಿಂಡಿ. ಅಣ್ಣಿಗೇರಿಯಲ್ಲಿ ಸಂತೆಯ ಬಾಜೂಕೇ ಹತ್ತಿಕಾಳಿನ ಹಿಂಡಿ ಮಾರುವ ಶಂಭುಲಿಂಗಪ್ಪನ ಅಂಗಡಿಯಿದೆ. ಇದನ್ನು ಬರೆಯುತ್ತಿರುವವನು ಅವನೇ. ಆದರೆ ಸಂತೆಯಲ್ಲಿ ಬೇರೆಯವರನ್ನು ನೋಡಿದಷ್ಟೇ ದೂರದಿಂದ ಅವನನ್ನೂ ನೋಡುವುದು ಒಳ್ಳೆಯದು. ಮುದಕಪ್ಪ ಪ್ರತಿ ಸಂತೆಗೆ ಅಲ್ಲಿಂದ ಒಂದು ಚೀಲ ಹಿಂಡಿ ಒಯ್ಯುತ್ತಿದ್ದ. ಕೈ ಹೋದ ಮೂರನೆಯ ವಾರ ಕೆಂಚವ್ವ ಬಂದು ಅರ್ಧ ಚೀಲ ಕೇಳಿದಳು. ಐದನೆಯ ವಾರ ಹತ್ತು ಕಿಲೋ. ಆ ಮನೆಯ ಸ್ಥಿತಿ ಅಂಗಡಿಯವನಿಗೆ ತಕ್ಕಡಿಯಲ್ಲೇ ತಿಳಿಯಿತು. ಹಿಂಡಿ ಇಳಿದರೆ ಹಾಲು ಇಳಿಯುತ್ತದೆ, ಹಾಲು ಇಳಿದರೆ ಮುಂದಿನ ವಾರದ ಹಿಂಡಿ ಇನ್ನೂ ಇಳಿಯುತ್ತದೆ.

ಮನೆಯಲ್ಲಿ ಮುದಕಪ್ಪ ಕೂತರೆ ಕೂತಲ್ಲಿ ಕೂರಲಾರ, ನಿಂತರೆ ನಿಂತಲ್ಲಿ ನಿಲ್ಲಲಾರ. ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಇಟ್ಟುಕೊಂಡು ಅಂಗಳದಿಂದ ಕಟ್ಟೆಗೆ, ಕಟ್ಟೆಯಿಂದ ಅಂಗಳಕ್ಕೆ ಅಡ್ಡಾಡುವನು. ಸಂತೆಯ ದಿನವಂತೂ ಬೆಳಿಗ್ಗೆ ಐದಕ್ಕೇ ಎದ್ದು ಮುಖ ತೊಳೆದು, ವಲ್ಲಿ ಹೆಗಲಿಗೆ ಹಾಕಿ, ಹೋಗುವುದಿಲ್ಲವೆಂಬುದು ನೆನಪಾಗಿ ಮತ್ತೆ ಕೂರುವನು. ಹತ್ತು ಗಂಟೆಗೆ ಬಾಷಾಸಾಬನಿಗೆ ಫೋನು.

"ಯಾವ ಜೋಡಿ ನಿಂತೈತಿ?"

"ಲೇ ಮುದಕಾ, ಕೆಲಸ ಮಾಡಾಕ ಬಿಡೋ."

"ಫೋನ್ ಬಂದ್ ಮಾಡಬ್ಯಾಡ. ಚಾಲೂ ಇಟ್ಟು ಕಿಸೇದಾಗ ಹಾಕ್ಕೋ. ನಾ ಸಂತಿ ಕೇಳ್ತೇನಿ."

ಬಾಷಾಸಾಬ ಹಾಗೇ ಮಾಡುತ್ತಿದ್ದ. ಅವನ ಕಿಸೆಯೊಳಗಿನ ಫೋನಿನಿಂದ ಮುದಕಪ್ಪ ಎರಡು ತಾಸು ಸಂತೆ ಕೇಳುತ್ತಿದ್ದ. ಗಂಟೆಯ ಸಪ್ಪಳ, ಅಂಬಾ, ಬಾಷಾಸಾಬ ಎತ್ತಿನ ಕೋಡು ಹೊಗಳುವುದು. ಆಮೇಲೆ ಇದ್ದಕ್ಕಿದ್ದಂತೆ ಮಾತು ನಿಂತು ಬರೀ ಬಟ್ಟೆಯ ಸರಬರ. ವಲ್ಲಿ ಮುಚ್ಚಿದ್ದಾರೆ. ಆಗ ಮುದಕಪ್ಪ ಉಸಿರು ಹಿಡಿದು ಕೂರುವನು. ಬೆರಳು ಹಿಡಿದ ಸಪ್ಪಳ ಮಾತ್ರ ಫೋನಿನಲ್ಲಿ ಬರುವುದಿಲ್ಲ.

ಆರನೆಯ ವಾರ ತಡೆಯದೆ ಸಂತೆಗೆ ಹೋದ. ಬಾಷಾಸಾಬನ ಜೊತೆ ಒಪ್ಪಂದವಾಯಿತು: ಮಾತು ಮುದಕಪ್ಪನದು, ಕೈ ಬಾಷಾಸಾಬನದು, ಬಂದದ್ದರಲ್ಲಿ ನಾಲ್ಕನೇ ಒಂದು ಪಾಲು ಮಾತಿಗೆ. ಗೆಳೆತನದ ದರವೇ ಅದು. ಆದರೆ ಮಾತಾಡಿ ಗಿರಾಕಿಯನ್ನು ಹದಕ್ಕೆ ತಂದ ಮೇಲೆ ವಲ್ಲಿ ಇಳಿಯುವ ಹೊತ್ತಿಗೆ ಅವನು ಹಿಂದೆ ಸರಿದು ಐವತ್ತು ಜನರಲ್ಲಿ ಐವತ್ತೊಂದನೆಯವನಾಗಿ ನಿಲ್ಲಬೇಕಿತ್ತು. ಒಮ್ಮೆ ಎಡಗೈ ಚಾಚಿಯೂ ನೋಡಿದ. ಯರಗುಪ್ಪಿಯ ಹನಮಪ್ಪ ಎಂಬ ಮುದುಕ ತನ್ನ ಕೈ ಹಿಂದಕ್ಕೆ ಎಳೆದುಕೊಂಡು, "ನಾ ಎತ್ತು ಮಾರಾಕ ಬಂದೇನೋ ತಮ್ಮಾ, ಹಿಂದ ತೊಳಸ್ಕೊಳ್ಳಾಕ ಬಂದಿಲ್ಲ," ಎಂದ. ಜನ ನಕ್ಕರು. ಮುದಕಪ್ಪನೂ ನಕ್ಕ, ನಗದಿದ್ದರೆ ಇನ್ನೂ ಹೆಚ್ಚು ನಗುತ್ತಿದ್ದರು.

ಎಂಟನೆಯ ವಾರ ಮುದಕಪ್ಪ ಮನೆಯಲ್ಲಿದ್ದ ತನ್ನ ಒಂದೇ ಒಂದು ಟಗರನ್ನು ಸಂತೆಗೆ ತಂದ. ಹುಬ್ಬಳ್ಳಿಗೆ ಇನ್ನೂ ಹದಿನಾರು ಸಲ ಹೋಗಬೇಕೆಂದು ಐಶ್ವರ್ಯ ಹೇಳಿದ್ದಳು. ಬಸ್ಸೂ ಸೇರಿ ಏಳು ಸಾವಿರ. ಈಗ ಬಿಟ್ಟರೆ ಎರಡು ಬೆರಳೂ ಕಟ್ಟಿಗೆ ಎಂದೂ ಹೇಳಿದ್ದಳು. ಟಗರಿನ ರೊಕ್ಕದಲ್ಲಿ ಏಳು ಸಾವಿರ ಕೈಗೆ, ಉಳಿದದ್ದು ಹಿಂಡಿಗೆ ಎಂದು ಕೆಂಚವ್ವ ಮನೆಯಲ್ಲೇ ಹಂಚಿ ಕಳಿಸಿದ್ದಳು. ಬಾಷಾಸಾಬ ಹನ್ನೊಂದು ಸಾವಿರಕ್ಕೆ ಕುದುರಿಸಿದ. ಹನ್ನೆರಡಕ್ಕೆ ಹೋಗುವ ಟಗರು ಅದು. ಮುದಕಪ್ಪನ ಕೈಯಾಗಿದ್ದರೆ ಹೋಗುತ್ತಿತ್ತು, ಅಥವಾ ಹಾಗೆಂದು ಅವನು ನಂಬಿದ್ದ. ರೊಕ್ಕವನ್ನು ಒಳಗಿಸೆಗೆ ಹಾಕಿಕೊಂಡ.

ಮಧ್ಯಾಹ್ನ ಬಾಷಾಸಾಬ ನಮಾಜಿಗೆ ಹೋದ ಹೊತ್ತಿಗೆ ಮಿಶ್ರಿಕೋಟಿಯ ಕುಬೇರಪ್ಪ ಒಂದು ಜೋಡಿ ಹೊಡೆದುಕೊಂಡು ಬಂದ. ಬಿಳಿ ಎತ್ತು, ನಾಲ್ಕು ಹಲ್ಲಿನವು, ಒಂದರ ಪಡಿಯಚ್ಚು ಇನ್ನೊಂದು. ಹಿಂಡಿ ಅಂಗಡಿಯ ಶಂಭುಲಿಂಗಪ್ಪ ಆ ದಿನ ಕೊಳ್ಳಲೆಂದೇ ಸಂತೆಯಲ್ಲಿದ್ದ. ಯರಗುಪ್ಪಿಯಲ್ಲಿ ಅವನಿಗೆ ಎರೆಹೊಲ ಉಂಟು. ಜೋಡಿಯನ್ನು ಎರಡು ಸುತ್ತು ಸುತ್ತಿ ನೋಡಿದ, ಹಿಡಿಸಿತು. ಹಿಡಿಸಿದ್ದನ್ನು ಮುಖದಲ್ಲಿ ತೋರಿಸಲಿಲ್ಲ. ದಲ್ಲಾಳಿಗಾಗಿ ಆಚೀಚೆ ನೋಡಿದ. ಮುದಕಪ್ಪ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಕಾಲು ಬದಲಿಸುತ್ತಿದ್ದ.

"ಬಾಷಾಸಾಬ ಈಗ ಬರ್ತಾನ್ರಿ ಸಾವ್ಕಾರ್ರ. ಹತ್ತ ಮಿನಿಟು."

"ಹತ್ತ ಮಿನಿಟಿನ್ಯಾಗ ಈ ಜೋಡಿ ಇನ್ನೊಬ್ಬನ ಹೊಲದಾಗ ಇರ್ತೈತಿ," ಎಂದ ಶಂಭುಲಿಂಗಪ್ಪ. "ನಿನ್ನ ಕೈ ಇನ್ನೂ ರಜಾದ ಮ್ಯಾಲ ಐತೇನೋ ಮುದಕಪ್ಪಾ? ಪಗಾರೀ ರಜಾ ಏನು?"

ಸುತ್ತಲಿದ್ದ ಇಬ್ಬರು ನಕ್ಕರು. ಮುದಕಪ್ಪ ಹಲ್ಲಿನಿಂದ ಪಟ್ಟಿಯ ಬಂಧ ಬಿಚ್ಚಿ, ಪಟ್ಟಿಯನ್ನು ನೀಲಿ ಪ್ಯಾಂಟಿನ ಕಿಸೆಗೆ ತುರುಕಿ, ವಲ್ಲಿ ಇಳಿಸಿದ.

ಕುಬೇರಪ್ಪನ ಕಡೆ ತೊಂದರೆಯಾಗಲಿಲ್ಲ. ಅಲ್ಲಿ ಹಿಡಿಯುವವನು ಕುಬೇರಪ್ಪ. ಅವನು ಮುದಕಪ್ಪನ ಒಂದು ಬೆರಳು ಹಿಡಿದ, ಬಿಟ್ಟ, ನಾಲ್ಕು ಹಿಡಿದ. ಒಂದು ಲಕ್ಷ ನಲವತ್ತು. ನಾಲ್ಕು ಹಿಡಿದಾಗ ಹೊಲಿಗೆಯ ಜಾಗದಿಂದ ಮೊಣಕೈವರೆಗೆ ಒಂದು ಚಳಕು ಹೊಡೆಯಿತು. ಮುದಕಪ್ಪ ಎತ್ತಿನ ಬಾಲ ನೋಡುತ್ತ ನಿಂತ. ಬೆಲೆ ಇಳಿಸಲು ನೋಡಿದ, ಕುಬೇರಪ್ಪ ಮತ್ತೆ ನಾಲ್ಕೇ ಹಿಡಿದ. ಸರಿ ಎಂದು ಶಂಭುಲಿಂಗಪ್ಪನತ್ತ ಬಂದ.

ವಲ್ಲಿ ಮುಚ್ಚಿದ. ಒಂದು ಹಿಡಿದ, ಚೆನ್ನಾಗಿ ಹಿಡಿದ. ಆಮೇಲೆ ನಾಲ್ಕು. ಶಂಭುಲಿಂಗಪ್ಪನದು ಅಗಲವಾದ ಕೈ, ಹಿಂಡಿ ಮೂಟೆ ಎತ್ತಿ ಬಲಿತ ಬೆರಳು. ಮುದಕಪ್ಪನ ಹೆಬ್ಬೆರಳೂ ಎರಡು ಬೆರಳೂ ಮುಚ್ಚಿಕೊಂಡವು. ಉಳಿದೆರಡು ಮುಚ್ಚಲಿಲ್ಲ. ಶಂಭುಲಿಂಗಪ್ಪನ ಮೂರು ಬೆರಳು ಮುಷ್ಟಿಯೊಳಗೆ ನಿಂತವು, ಅವನ ಕಿರುಬೆರಳು ತಾಗಿ, ಜಾರಿ, ಹೊರಗೆ ಉಳಿಯಿತು. ಮುದಕಪ್ಪನಿಗೆ ಅದು ತಿಳಿಯಲಿಲ್ಲ. ಕೊಯ್ದ ಬದಿಯಲ್ಲಿ ಇನ್ನೂ ಜೋಮು. ತಾನು ನಾಲ್ಕು ಹಿಡಿದೆನೆಂದೇ ಅವನ ಲೆಕ್ಕ.

ಶಂಭುಲಿಂಗಪ್ಪ ತಡಮಾಡಲಿಲ್ಲ. "ಆತು," ಎಂದ.

ಅಷ್ಟು ಬೇಗ 'ಆತು' ಎನ್ನುವ ಗಿರಾಕಿ ಅವನಲ್ಲ. ಮುದಕಪ್ಪನಿಗೆ ಆಗಲೇ ಏನೋ ಕಚ್ಚಿದಂತಾಯಿತು. ಆದರೂ ಎಂಟು ವಾರದ ಮೇಲೆ ತನ್ನ ಕೈ ಒಂದು ಜೋಡಿ ಮಾರಿತೆಂಬ ಹಿಗ್ಗಿನಲ್ಲಿ ಅದನ್ನು ಕೊಡವಿಕೊಂಡ. ಶಂಭುಲಿಂಗಪ್ಪ ಅಂಗಡಿಗೆ ಹೋಗಿ ರೊಕ್ಕ ತಂದು ಅವನ ಎಡಗೈಯಲ್ಲಿಟ್ಟ. ಐನೂರರ ಎರಡು ಪೂರಾ ಕಟ್ಟು, ಮೇಲೆ ಅರುವತ್ತು ಬಿಡಿ ನೋಟು. ಮುದಕಪ್ಪ ಬಿಡಿ ನೋಟು ಎಣಿಸಿದ. ಮತ್ತೆ ಎಣಿಸಿದ. ಒಂದು ಲಕ್ಷ ಮೂವತ್ತು.

ತಲೆಯೆತ್ತಿ ಶಂಭುಲಿಂಗಪ್ಪನ ಮುಖ ನೋಡಿದ. ಶಂಭುಲಿಂಗಪ್ಪ ಎತ್ತಿನ ಬೆನ್ನು ಸವರುತ್ತಿದ್ದ.

ಕೇಳಬಹುದಿತ್ತು. 'ನಾ ನಾಕು ಹಿಡಿದಿದ್ನಿ' ಎಂದರೆ ಆಗುತ್ತಿತ್ತು. ಆದರೆ ಆ ಮಾತು ಹೊರಬಿದ್ದ ಗಳಿಗೆಯಲ್ಲಿ, ಮುದಕಪ್ಪನ ಕೈಗೆ ನಾಲ್ಕು ಹಿಡಿಯಲು ಬರುವುದಿಲ್ಲ ಎಂಬುದು ಸಂತೆಯ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು. ಇನ್ನೊಂದು ತಾಸಿನಲ್ಲಿ ನವಲಗುಂದಕ್ಕೆ, ಸಂಜೆಗೆ ಕಲಘಟಗಿಗೆ. ಹತ್ತು ಸಾವಿರ ಹೋದರೆ ಹತ್ತು ಸಾವಿರ. ಕೈಯ ಹೆಸರು ಹೋದರೆ ಉಳಿದ ವರ್ಷಗಳೆಲ್ಲ ಹೋದಂತೆ.

ಅವನು ರೊಕ್ಕ ಹಿಡಿದು ಕಣಿಕಿ ಮೇವಿನ ಗಾಡಿಯ ಮರೆಗೆ ಹೋದ. ಕಟ್ಟುಗಳನ್ನು ಬಗಲಲ್ಲಿ ಒತ್ತಿಕೊಂಡು, ಎಡಗೈಯಿಂದ ಒಳಗಿಸೆಯ ಟಗರಿನ ರೊಕ್ಕ ತೆಗೆದು, ತುಟಿಯಲ್ಲಿ ಕಚ್ಚಿ, ಇಪ್ಪತ್ತು ನೋಟು ಬೇರೆ ಮಾಡಿದ. ಎರಡು ಸಲ ನೋಟು ನೆಲಕ್ಕೆ ಬಿದ್ದವು. ಗಾಳಿ ಇರಲಿಲ್ಲ, ಅದೊಂದು ಪುಣ್ಯ. ಎಲ್ಲ ಸೇರಿಸಿ ಕುಬೇರಪ್ಪನಿಗೆ ಕೊಟ್ಟ. ಕುಬೇರಪ್ಪ ಉಗುಳು ಹಚ್ಚಿ ಎಣಿಸಿ, "ಬರೋಬ್ಬರಿ ಐತಿ," ಎಂದು ದಲ್ಲಾಳಿಯ ಐನೂರು ಕೊಟ್ಟ. ಶಂಭುಲಿಂಗಪ್ಪನೂ ಐನೂರು ಕೊಟ್ಟ. ಕೊಡುವಾಗ, "ಕೈ ಚಲೋ ಆಗೇತಿ ಬಿಡು," ಎಂದ.

"ಆಗೇತ್ರಿ," ಎಂದ ಮುದಕಪ್ಪ.

ನಮಾಜು ಮುಗಿಸಿ ಬಂದ ಬಾಷಾಸಾಬ ಕಿಸೆಯಿಂದ ಹೊರಗೆ ಇಣುಕುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ನೋಡಿದ, ಮುದಕಪ್ಪನ ಮುಖ ನೋಡಿದ. "ಏನ್ ಮಾಡ್ಕೊಂಡ್ಯೋ?" ಎಂದ.

"ಒಂದು ಜೋಡಿ ಮಾರಿದೆ."

"ಅಂಥಾ ಮಾರಿ ಮಾಡ್ಕೊಂಡು ಯಾರೂ ಜೋಡಿ ಮಾರೂದಿಲ್ಲಲೇ."

ಮನೆಯಲ್ಲಿ ಕೆಂಚವ್ವ ಎಮ್ಮೆಗೆ ನೀರು ತೋರಿಸುತ್ತಿದ್ದಳು. ಬಕೆಟ್ಟು ಕೆಳಗಿಡದೆಯೇ ಕೇಳಿದಳು.

"ಟಗರು ಎಷ್ಟಕ್ಕ ಹೋತ್ರಿ?"

"ಹನ್ನೊಂದು."

"ಕೊಡ್ರಿಲ್ಲಿ."

ಅವನು ಎರಡು ಸಾವಿರ ಕೊಟ್ಟ. ಟಗರಿನಲ್ಲಿ ಉಳಿದ ಒಂದು, ದಲ್ಲಾಳಿಯ ಒಂದು.

"ಉಳದದ್ದು?"

"ಒಬ್ಬರಿಗೆ ಕೊಟ್ಟೇನಿ. ಬರ್ತೈತಿ."

"ಯಾರಿಗೆ?"

"ಯಾಪಾರದಾಗ ಹೆಸರು ಹೇಳೂದಿಲ್ಲಬೇ."

ಕೆಂಚವ್ವ ಬಕೆಟ್ಟು ಕೆಳಗಿಟ್ಟಳು. "ಅದೂ ವಲ್ಲಿ ಕೆಳಗ ಏನ್ರಿ? ಹೇಣತಿ ಕೂಡಾನೂ ವಲ್ಲಿ ಹಾಕ್ಕೊಂಡ ಮಾತಾಡ್ತೀರಿ?" ಎಂದಳು. ಮುಂದೆ ಕೇಳಲಿಲ್ಲ. ಎರಡು ದಿನ ರೊಟ್ಟಿಯ ಜೊತೆ ಪಲ್ಯ ಮಾಡಲಿಲ್ಲ, ಚಟ್ನಿಪುಡಿಯ ಡಬ್ಬಿಯನ್ನು ಮುಂದೆ ತಳ್ಳಿದಳು.

ಆಮೇಲೆ ಹುಬ್ಬಳ್ಳಿಗೆ ಹೋಗುವುದು ನಿಂತಿತು. ಎರಡು ಸಾವಿರ ಹಿಂಡಿಗೂ ಕಿರಾಣಿಗೂ ಹೋಯಿತು. ಕಲಿತಷ್ಟು ವ್ಯಾಯಾಮವನ್ನು ಮುದಕಪ್ಪ ಮನೆಯಲ್ಲೇ ಮಾಡಿದ. ಎಡಗೈಯಿಂದ ಬಲಗೈಯ ಬೆರಳು ಮಡಚುವುದು, ಬಿಡುವುದು. ಅವಸರದವನು ಎಲ್ಲವನ್ನೂ ಅವಸರದಲ್ಲೇ ಮಾಡುತ್ತಾನೆ. ಹತ್ತು ಸಲ ಎಂದರೆ ಮೂವತ್ತು ಸಲ ಮಡಚಿ ಕೈ ಬಾತುಕೊಂಡು, ಎರಡು ದಿನ ಮುಟ್ಟದೆ ಬಿಡುವನು. ಸಂತೆಗೆ ಹೋಗುವನು, ಬಾಷಾಸಾಬನ ಹಿಂದೆ ನಿಲ್ಲುವನು, ಯಾರಾದರೂ ಕೈ ಚಾಚಿದರೆ ಹೊಟ್ಟೆನೋವೆಂದು ಜಾರಿಕೊಳ್ಳುವನು. ಎತ್ತಿನ ಬೆಲೆ ಏರಿತು, ಸಂತೆ ತುಂಬಿತು, ನಾಲ್ಕನೇ ಒಂದು ಪಾಲು ಬಂತು. ಮೃಗಶಿರಾ ಹನಿಯಿತು, ಸಂತೆ ತೆಳುವಾಯಿತು.

ಅಷ್ಟರಲ್ಲಿ ಐಶ್ವರ್ಯಳ ಫೋನು ಬಂತು.

"ಕಾಕಾ, ನಾಕ ವಾರ ಆತು, ಯಾಕ ಬಂದಿಲ್ಲ?"

"ಬಸ್ ಇಲ್ಲವಾ."

"ನವಲಗುಂದದಿಂದ ಅರ್ಧ ತಾಸಿಗೊಂದು ಬಸ್ ಐತಿ."

ಮುದಕಪ್ಪ ಕೆಮ್ಮಿದ. ಅವಳು, "ಹೋಗ್ಲಿ ಬಿಡ್ರಿ. ಹನ್ನೆರಡ ವಾರ ಮುಗಿದಾವು. ಇನ್ನ ಮೆತ್ತಂದು ಹಿಡದು ಹಿಚಕೂದು ಸುರು ಮಾಡ್ರಿ. ಒದ್ದಿ ಅರಿವಿ ಹಿಂಡ್ರಿ, ಹಿಟ್ಟು ನಾದ್ರಿ," ಎಂದಳು.

"ಎಮ್ಮಿ ಹಿಂಡಬಹುದೇನವಾ?"

ಅವಳು ನಕ್ಕಳು. ನಕ್ಕು, ಯೋಚಿಸಿ, "ಮೊದಲ ವಾರ ಎರಡ ಮಿನಿಟಷ್ಟ. ಎಮ್ಮಿ ಒಪ್ಪಿದ್ರ ನಂದೇನ್ ತಕರಾರಿಲ್ಲ," ಎಂದಳು.

ಎಮ್ಮೆ ಒಪ್ಪಲು ಎಂಟು ದಿನ ಬೇಕಾಯಿತು. ಮೊದಲ ದಿನ ಅದು ತಿರುಗಿ ನೋಡಿತು. ಎರಡನೆಯ ದಿನ ಪಾತ್ರೆ ಒದೆಯಿತು. ಕೆಂಚವ್ವ ಬಾಜೂಕ ನಿಂತು, "ಅದಕ್ಕೂ ವಲ್ಲಿ ಹಾಕ್ರಿ, ಒಪ್ಪೀತು," ಎಂದಳು. ಆದರೂ ದಿನಾ ಬೆಳಿಗ್ಗೆ ಸಂಜೆ ತಾನೇ ಎಬ್ಬಿಸಿ ಕೂರಿಸಿದಳು. ಎರಡು ಮಿನಿಟು ಐದಾಯಿತು, ಐದು ಹತ್ತಾಯಿತು. ಶ್ರಾವಣದ ಹೊತ್ತಿಗೆ ಉಂಗುರದ ಬೆರಳು ಮುಕ್ಕಾಲು ಬಂತು. ಕಿರುಬೆರಳು ಮಾತ್ರ ಕೊಕ್ಕೆಯಾಗಿ ಅಲ್ಲೇ ನಿಂತಿತು. ಆ ಹದಿನಾರು ಸಲ ಹೋಗಿದ್ದರೆ ಅದೂ ಬರುತ್ತಿತ್ತೆಂದು ಐಶ್ವರ್ಯ ಫೋನಿನಲ್ಲಿ ಹೇಳಿದಳು. ಮುದಕಪ್ಪ ಅದನ್ನು ಕೆಂಚವ್ವನಿಗೆ ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅವಳು ಕೇಳಿಸಿಕೊಂಡದ್ದನ್ನು ಅವನಿಗೆ ಹೇಳಲಿಲ್ಲ. ಹಿಂಡಿ ಒಯ್ಯಲು ಬಂದಾಗ ಅಂಗಡಿಯವನಿಗೆ ಹೇಳಿದಳು.

"ಟಗರಿನ ರೊಕ್ಕ ಯಾವ ಹಡಬಿಟ್ಟಿಗೆ ಕೊಟ್ಟರೋ, ಇನ್ನೂ ಬಾಯಿ ಬಿಡವಲ್ಲರು. ಅವನ ಮನಿಗೆ ನನ್ನ ಗಂಡನ ಕಿರಬೆರಳು ಹೋತು ನೋಡ್ರಿ ಸಾವ್ಕಾರ್ರ."

ಶಂಭುಲಿಂಗಪ್ಪ ಆ ದಿನ ತಕ್ಕಡಿಯನ್ನು ಸ್ವಲ್ಪ ಅವಳ ಕಡೆ ಬಾಗುವಂತೆ ತೂಗಿದ. ಅಂದಾಜು ಅರ್ಧ ಕಿಲೋ. ಹತ್ತು ಸಾವಿರಕ್ಕೆ ಅರ್ಧ ಕಿಲೋ ಹಿಂಡಿ, ಬಡ್ಡಿಯೆಂದರೂ ನಾಚಿಕೆಗೇಡು.

ದಸರೆಯಿಂದ ಮುದಕಪ್ಪ ಮತ್ತೆ ವಲ್ಲಿ ಇಳಿಸತೊಡಗಿದ. ಮೊದಲು ಕುರಿ, ಆಮೇಲೆ ಆಕಳು, ಆಮೇಲೆ ಎತ್ತು. ಅವನ ಹಿಡಿತಕ್ಕೆ ಈಗ ಬೇರೆ ರೀತಿ ಬಂದಿತ್ತು: ಮೂರು ಬೆರಳನ್ನು ಮುಷ್ಟಿಯಲ್ಲಿ ಹಿಡಿದು ನಾಲ್ಕನೆಯದಕ್ಕೆ ತನ್ನ ಕಿರುಬೆರಳಿನ ಕೊಕ್ಕೆ ಹಾಕುವನು. ಒಮ್ಮೆ ಹಾಕಿದರೆ ಬಿಡಿಸಿಕೊಳ್ಳುವುದು ಕಷ್ಟ.

ಹಿಂಗಾರಿ ಬಿತ್ತನೆ ಮುಗಿದ ಮೇಲೆ ಕೆಲಸವಿಲ್ಲದ ಎತ್ತಿಗೆ ಮೇವು ಹಾಕುವುದು ಶಂಭುಲಿಂಗಪ್ಪನ ಜಾಯಮಾನವಲ್ಲ. ಅದೇ ಜೋಡಿಯನ್ನು ಮಾರಲು ತಂದ. ದಲ್ಲಾಳಿಗಳು ಆರು ಜನ ಇದ್ದರು. ಅವನ ಕಾಲು ಮುದಕಪ್ಪನ ಹತ್ತಿರವೇ ಹೋಯಿತು. ಮುದಕಪ್ಪ ಧೋತರ ಉಟ್ಟಿದ್ದ. ಕೊಳ್ಳುವವನು ದೂರದಲ್ಲಿ ನಿಂತಿದ್ದ. ಮುದಕಪ್ಪ ಅವನ ಬೆರಳಿನಿಂದ ಬೆಲೆ ತಿಳಿದು ಬಂದು ಶಂಭುಲಿಂಗಪ್ಪನ ಕೈ ಮೇಲೆ ವಲ್ಲಿ ಹಾಕಿದ.

ಒಂದು. ಬಿಟ್ಟ. ಆಮೇಲೆ ಮೂರು ಬೆರಳು ಮುಷ್ಟಿಗೆ ಬಂದವು, ಕಿರುಬೆರಳಿಗೆ ಕೊಕ್ಕೆ ಬಿತ್ತು. ಒಂದು ಲಕ್ಷ ನಲವತ್ತು. ಹಿಡಿತ ಬಿಡಲಿಲ್ಲ.

ವಲ್ಲಿಯ ಕೆಳಗೆ ಕೈ ಇರುವಾಗ ಯಾರೂ ಸಂಖ್ಯೆ ಮಾತಾಡುವುದಿಲ್ಲ. ಮುದಕಪ್ಪ ಎತ್ತಿನ ಕಡೆ ನೋಡುತ್ತ ತಗ್ಗಿದ ದನಿಯಲ್ಲಿ ಕೇಳಿದ, "ಕಿರಬಟ್ಟ ಬಂತಲ್ರಿ ಸಾವ್ಕಾರ್ರ?"

"ಬಂತು."

"ಅವತ್ತೂ ಬಂದಿತ್ರಿ. ತಾಗಿ ಹೋಗಿತ್ತು. ನನಗ ತಿಳೀಲಿಲ್ಲ. ನಿಮಗ ತಿಳೀತು."

ಶಂಭುಲಿಂಗಪ್ಪ ವ್ಯಾಪಾರಸ್ಥ, ಇಂಥ ಮಾತಿಗೆ ಹತ್ತು ಉತ್ತರ ಅವನ ಅಂಗಡಿಯಲ್ಲಿ ಸದಾ ಇರುತ್ತವೆ. ಆ ಹೊತ್ತಿಗೆ ಮಾತ್ರ ಎಡಗೈ ತಾನಾಗಿ ಕಿಸೆಯ ಕಡೆ ಹೋಯಿತು.

"ಇಲ್ಲಿ ಬ್ಯಾಡ್ರಿ," ಎಂದ ಮುದಕಪ್ಪ. "ಮನಿಗೆ ಬಂದು ಕೆಂಚಿ ಕೈಯಾಗ ಕೊಡ್ರಿ. ಅದು ಯಾವ ರೊಕ್ಕ, ಯಾಕ ಇಷ್ಟ ತಡಾ ಆತು, ಎಲ್ಲಾ ನೀವ ಬಿಡಿಸಿ ಹೇಳ್ರಿ. ಯಾರಿಗೆ ಬೇಕಾರ ಹೇಳ್ರಿ, ಬೇಕಾರ ಬರದು ಇಡ್ರಿ. ಈಗ ಕೈ ಹಿಡೀತೈತಿ, ನನಗ ಅಂಜಿಕಿಲ್ಲ. ಆಕಿಗೆ ಹೇಳೂದಷ್ಟ ನನ್ನ ಕೈಲೆ ಆಗೂದಿಲ್ಲ."

"ಆತು," ಎಂದ ಶಂಭುಲಿಂಗಪ್ಪ.

ವಲ್ಲಿ ಇನ್ನೂ ಕೈಗಳ ಮೇಲೆಯೇ ಇತ್ತು. ಮುದಕಪ್ಪ ಅದನ್ನು ತೆಗೆದು, ಕೊಡವಿ, ಹೆಗಲಿಗೆ ಹಾಕಿಕೊಂಡು ಕೊಳ್ಳುವವನ ಕಡೆ ನಡೆದ.

ಅದಾಗಿ ಮೂರು ಸಂತೆ ಕಳೆದಿವೆ. ತಿರ್ಲಾಪುರದ ಬಸ್ಸು ಅಂಗಡಿಯ ಮುಂದೆಯೇ ದಿನಾ ಹಾದುಹೋಗುತ್ತದೆ, ಒಂದು ದಿನವೂ ಹತ್ತಲಾಗಿಲ್ಲ. ಶಂಭುಲಿಂಗಪ್ಪನಾದ ನಾನು ತಿರ್ಲಾಪುರದ ಮುದಕಪ್ಪನಿಗೆ ಹತ್ತು ಸಾವಿರ ರೂಪಾಯಿ ಕೊಡಬೇಕು.